ಎರಡು ಸಲ ಕೇಳುವ ಪುಟ

ಚಾಮರಾಜಪೇಟೆಯ ಒಂದು ಕಾಂಡಿಮೆಂಟ್ಸ್ ಅಂಗಡಿಯಲ್ಲಿ ನನ್ನ ಕೆಲಸ. ಚಟ್ನಿಪುಡಿ, ಹಪ್ಪಳ, ಕುರುಕಲು ತೂಗಿ ಕೊಡುವುದು, ಬಿಲ್ಲು ಹಾಕುವುದು. ಈ ಕಾರ್ತೀಕದಲ್ಲಿ ಅಂಗಡಿಯ ಶೆಟ್ಟರು ಹಳೆಯ ಬಿಲ್ಲಿನ ಮಿಷನ್ನು ತೆಗೆಸಿ, ಬೆರಳಿನಿಂದ ಮುಟ್ಟುವ ಪರದೆ ಹಾಕಿಸಿದರು. ಮೊದಲ ದಿನವೇ ಒಬ್ಬರು ಬಂದು ಕಾಲು ಕೇಜಿ ಕೋಡುಬಳೆ ಕೇಳಿದರು. ಖಾರದ ತಿಂಡಿಗಳ ಚಿತ್ರ ಮುಟ್ಟಿದೆ. ಪರದೆ ಬದಲಾಯಿತು. ನಾನಿನ್ನೂ ಕೋಡುಬಳೆ ಹುಡುಕುತ್ತಿದ್ದೆ, ಆಗಲೇ ನಿಪ್ಪಟ್ಟು ಬಿಲ್ಲಿಗೆ ಬಿದ್ದಿತ್ತು.

"ಎರಡೆರಡು ಸಲ ಒತ್ಬೇಡಿ ಪದ್ಮಮ್ಮ," ಎಂದರು ಶೆಟ್ಟರು.

"ಒಂದೇ ಸಲ ಒತ್ತಿದ್ದು."

"ಹಂಗಾರೆ ಮಿಷನ್ ಸುಳ್ ಹೇಳುತ್ತಾ?"

ಗಿರಾಕಿ ನಕ್ಕರು. ನಾನು ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ಹೇಳುತ್ತದೆ ಎಂದು ಅವರಿಗೆ ಹೇಗೆ ತಿಳಿಸುವುದು? ಹೋದ ವರ್ಷ ಇಂಥದೇ ಇನ್ನೊಂದು ಪರದೆ ಹೇಳಿದ ಸುಳ್ಳನ್ನು ನಂಬಿ ನಾನು ಸಂತೋಷಪಟ್ಟು ಸಹಿ ಹಾಕಿದ್ದೆ.

ನಮ್ಮ ಯಜಮಾನರು ಶ್ರೀನಿವಾಸ. ಅವರಕ್ಕನಿಗೆ ಸೀನ. ನನಗೆ 'ಇವರು'. ಐದನೇ ಮೇನ್‌ನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದರು. ಮದುವೆ ಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಪಂಚಾಂಗ, ಎಲ್ಲವೂ ಇವರ ಬೆರಳಿನಿಂದ ಬರುತ್ತಿದ್ದವು. ಕೀಲಿಮಣೆ ನೋಡದೆ ಟೈಪು ಮಾಡುತ್ತ, ಪಕ್ಕದವರನ್ನು ರೇಗಿಸುತ್ತ, ಬಾಯಲ್ಲಿ ಅಡಿಕೆ ಇಟ್ಟುಕೊಂಡೇ ಕೆಲಸ ಮುಗಿಸುವರು. ಆಮೇಲೆ ಎಡಗೈ ಸೋತಿತು. ನಾಲಿಗೆ ದಪ್ಪವಾಯಿತು. ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಔಷಧವಿಲ್ಲ, ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ ಎಂದರು ಡಾಕ್ಟರು. ಕೊನೆಯದನ್ನು ಅವರು ಸಮಾಧಾನದ ಮಾತೆಂಬಂತೆ ಹೇಳಿದರು.

ಹೋದ ವರ್ಷದ ಆಷಾಢಕ್ಕೆ ಮಾತು ಪೂರ್ತಿ ನಿಂತಿತು. ಗಾಳಿಗೆ ಕಿಟಕಿಯ ಕದ ಬಡಿದುಕೊಂಡರೆ ಮುಚ್ಚು ಎನ್ನಲೂ ಆಗುತ್ತಿರಲಿಲ್ಲ. ಬಲಗೈಯ ತೋರುಬೆರಳೊಂದು ಉಳಿದಿತ್ತು. ಅದನ್ನು ನಿಧಾನಕ್ಕೆ ಸರಿಸಬಲ್ಲವರಾಗಿದ್ದರು, ಎತ್ತುವುದೇ ಕಷ್ಟ.

ಆಗ ಬಂದವನು ಚೇತನ. ಇವರ ಅಕ್ಕ ರುಕ್ಮಿಣಿಯವರ ಮಗ. ತಾಯಿ ಮಗ ತ್ಯಾಗರಾಜನಗರದಲ್ಲಿದ್ದಾರೆ. ಚೇತನನದು ವೆಬ್ ಪುಟ ಮಾಡುವ ಕೆಲಸ. ಪ್ರತಿ ಸಂಜೆ ಕೆಲಸ ಮುಗಿಸಿ ನಮ್ಮ ಮನೆಗೆ ಬಂದು, ಮಾವನ ಮಂಚದ ಪಕ್ಕ ಲ್ಯಾಪ್‌ಟಾಪ್ ಬಿಚ್ಚಿ ಕೂರುವನು. ಮಾವನಿಗಾಗಿ ಒಂದು ಪುಟ ಮಾಡುತ್ತಿದ್ದ. ಪರದೆಯ ಮೇಲೆ ದೊಡ್ಡ ದೊಡ್ಡ ಚೌಕದ ಮನೆಗಳು, ಒಂದೊಂದರಲ್ಲಿ ಒಂದೊಂದು ಮಾತು: ನೀರು, ಬೆನ್ನು ತುರಿಸಿ, ಫ್ಯಾನು, ಬೇಕು, ಬೇಡ. ಕೆಳಗೆ ಅಕ್ಷರಗಳು. ಮುಟ್ಟಿದರೆ ಪುಟವೇ ಓದಿ ಹೇಳುವುದು. ಅದಕ್ಕೆ ಸಿಕ್ಕ ಕನ್ನಡದ ದನಿ ಮಾತ್ರ ಒಬ್ಬ ಹುಡುಗಿಯದು. ಅಷ್ಟು ವರ್ಷ ಕಂಚಿನ ಗಂಟಲಿನಲ್ಲಿ ಕೂಗುತ್ತಿದ್ದ ನನ್ನ ಗಂಡ ಬ್ಯಾಂಕಿನ ಫೋನಿನಲ್ಲಿ ಬರುವ ಹೆಣ್ಣಿನ ಹಾಗೆ "ಕಾಫಿಗೆ ಸಕ್ಕರೆ ಜಾಸ್ತಿ" ಎಂದು ಮೊದಲ ಮಾತಾಡಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆನೋ ನಕ್ಕೆನೋ ಈಗ ನೆನಪಿಲ್ಲ.

ಪುಟ ಸುಲಭಕ್ಕೆ ಮಾತು ಕೇಳಲಿಲ್ಲ. ನಮ್ಮ ಮನೆಯ ಟ್ಯಾಬ್‌ನಲ್ಲಿ ಇವರ ಬೆರಳು ಹೆಚ್ಚು ಹೊತ್ತು ನಿಂತರೆ 'ನಕಲು ಮಾಡಬೇಕೆ' ಎಂದು ಇನ್ನೇನೋ ಪಟ್ಟಿ ತೆರೆದುಕೊಳ್ಳುತ್ತಿತ್ತು. ಅಕ್ಷರದಿಂದ ಒತ್ತಕ್ಷರಕ್ಕೆ ಬೆರಳು ಜಾರಿಸಿದರೆ ಇಡೀ ಪುಟವೇ ಮೇಲಕ್ಕೆ ಓಡುವುದು. ಚೇತನನ ದುಬಾರಿ ಫೋನಿನಲ್ಲಿ ಅಂಚಿನಿಂದ ಬೆರಳು ಸರಿಸಿದರೆ ಹಿಂದಿನ ಪುಟಕ್ಕೆ ಹೋಗಿ, ಅಷ್ಟು ಹೊತ್ತು ಕೂಡಿಸಿದ ಮಾತೆಲ್ಲ ಅಳಿಸಿಹೋಗುವುದು. ಒಂದು ಸಂಜೆಯಿಡೀ ಕಷ್ಟಪಟ್ಟು ಕಟ್ಟಿದ ವಾಕ್ಯ ಹಾಗೆ ಹೋದಾಗ ಇವರ ಕಣ್ಣಿನಿಂದ ನೀರು ಕಿವಿಯವರೆಗೂ ಇಳಿಯಿತು. ಒರೆಸಿಕೊಳ್ಳಲು ಕೈಯಿರಲಿಲ್ಲ.

"ಪುಟ ಒಂದೇ ಮಾವ," ಎಂದ ಚೇತನ. "ಆದ್ರೆ ಒಂದೊಂದು ಬ್ರೌಸರೂ ಬೆರಳನ್ನ ಒಂದೊಂದ್ ಥರ ಅರ್ಥ ಮಾಡ್ಕೊಳುತ್ತೆ. ಒಂದಕ್ಕೆ ಹೇಳಿದ್ದು ಇನ್ನೊಂದು ಕೇಳಲ್ಲ."

ಇವರು ಅಕ್ಷರಗಳ ಮೇಲೆ ಬೆರಳು ಎಳೆದರು. ಹುಡುಗಿಯ ದನಿ ಹೇಳಿತು: "ನಿಮ್ಮ ಅತ್ತೆ ಥರ."

"ಇದೊಂದಕ್ಕೇನೂ ಕಮ್ಮಿಯಿಲ್ಲ," ಎಂದೆ.

ಬೆರಳು ಎತ್ತುವುದು ಇವರಿಗೆ ಕಷ್ಟವಲ್ಲವೇ? ಹಾಗಾಗಿ ಚೇತನ ಒಂದು ಉಪಾಯ ಮಾಡಿದ. ಸಾಮಾನ್ಯವಾಗಿ ಬೆರಳು ಎತ್ತಿದಾಗ ಪರದೆ ಅದನ್ನು ಒತ್ತಿದ ಲೆಕ್ಕಕ್ಕೆ ಹಿಡಿಯುತ್ತದೆ. ಇವನು ಬೆರಳು ಇಟ್ಟ ತಕ್ಷಣವೇ ಹಿಡಿಯುವ ಹಾಗೆ ಮಾಡಿದ. ಅದರಿಂದ ಎಷ್ಟೋ ಸಲೀಸಾಯಿತು. ಶ್ರಾವಣ ಬರುವ ಹೊತ್ತಿಗೆ ಇವರು ನನ್ನ ಅಡುಗೆಗೆ ಹೆಸರಿಟ್ಟು, ಪ್ರೆಸ್ಸಿನಿಂದ ನೋಡಲು ಬಂದ ಗೆಳೆಯನ ಬೊಕ್ಕತಲೆಯನ್ನು ಆಡಿಕೊಂಡು, ಮತ್ತೆ ಮನುಷ್ಯರಾಗಿದ್ದರು.

ವರಮಹಾಲಕ್ಷ್ಮಿ ಹಬ್ಬಕ್ಕೆ ರುಕ್ಮಿಣಿ ಅಕ್ಕ ಹೋಳಿಗೆ ಮಾಡಿಕೊಂಡು ಬಂದರು. ಆಗಿನ್ನೂ ಇವರು ಹಾಲಿನಲ್ಲಿ ಕಿವುಚಿ ಕೊಟ್ಟರೆ ನುಂಗುತ್ತಿದ್ದರು. ಅಕ್ಕನ ವಿಷಯ ಹೇಳಬೇಕು. ಅವರ ಮನೆಯಲ್ಲಿ ಉಂಡವರಿಗೆಲ್ಲ ಗೊತ್ತು, ಎಲೆಯ ಮೇಲೆ ಎರಡು ಕೈ ಅಡ್ಡ ಇಟ್ಟರೂ ಅಕ್ಕ ಬೆರಳ ಸಂದಿಯಲ್ಲಿ ಬಡಿಸುತ್ತಾರೆ. ಇವರ ತಾಯಿ ಬೇಗ ಹೋದರು. ತಮ್ಮನನ್ನು ಸಾಕಿದವರು ಅಕ್ಕನೇ. ಆ ಮನೆಯಲ್ಲಿ ಮೊದಲ 'ಬೇಡ' ಎಂಬುದು ಬೇಡ ಅಲ್ಲ. ಅದು ಮರ್ಯಾದೆ. ಎರಡನೇ ಸಲ ಕೇಳದೆ ಬಿಟ್ಟರೆ ಅದು ಬಡಿಸುವವರಿಗೆ ಅವಮಾನ.

ಅಂದು ಅಕ್ಕ "ಇನ್ನೊಂದು ಚೂರು ಹೋಳಿಗೆ ಹಾಕ್ಲೇನೋ ಸೀನ?" ಎಂದರು. ಇವರು 'ಬೇಡ' ಮುಟ್ಟಿದರು. ಹುಡುಗಿ "ಬೇಡ" ಎಂದಳು. ಅಕ್ಕನಿಗೆ ಆ ದನಿ ಕೆನ್ನೆಗೆ ಹೊಡೆದಂತಾಯಿತು.

"ಏನೋ ಚೇತನ, ನಿನ್ನ ಯಂತ್ರ ಒಂದೇ ಸಲಕ್ಕೆ ಕತ್ತರಿಸಿ ಹಾಕುತ್ತಲ್ಲೋ? ಯಾವೂರ ಪದ್ಧತಿ ಇದು? ಸೀನ ಹುಟ್ಟಿದಾಗಿಂದ ಮೊದಲು ಬೇಡ ಅಂತಾನೆ, ಆಮೇಲೆ ನಾಲ್ಕು ತಿಂತಾನೆ. ಇನ್ನೊಂದು ಸಲ ಕೇಳೋ ಹಂಗೆ ಮಾಡು."

"ಅಮ್ಮಾ, ಅವರಿಗೆ ಒಂದು ಸಲ ಒತ್ತೋದೇ ಕಷ್ಟ."

"ಊಟದ ವಿಷಯದಲ್ಲಿ ಕಷ್ಟ ನೋಡಬಾರದು. ಮಾಡು ಅಂದೆ."

ಇವರು ನಗುತ್ತಿದ್ದರು. ನಗು ಎಂದರೆ ಕಣ್ಣಿನಲ್ಲಿ ಮಾತ್ರ. ಚೇತನ ಅಲ್ಲೇ ಕೂತು ಮಾಡಿದ. 'ಬೇಡ' ಮುಟ್ಟಿದರೆ ಪರದೆ ಬದಲಾಗಿ 'ನಿಜವಾಗ್ಲೂ ಬೇಡ್ವಾ?' ಎಂದು ಬರಹದಲ್ಲಿ ಕೇಳುವುದು, ದನಿ ಕೊನೆಯ ಉತ್ತರಕ್ಕೆ ಮಾತ್ರ. ಕೆಳಗೆ ಎರಡು ಮನೆ. ಎಡಗಡೆ 'ಹೂಂ, ಬೇಡ.' ಬಲಗಡೆ, ಮೊದಲು ಬೇಡ ಇದ್ದ ಜಾಗದಲ್ಲೇ, 'ಸರಿ, ಬೇಕು.'

"ಬೆರಳು ನಡುಗಿ ಒಂದೇ ಜಾಗದಲ್ಲಿ ಎರಡು ಸಲ ಬಿದ್ರೆ ಬೇಕು ಅಂತಾಗುತ್ತೆ ಅಮ್ಮ, ಜಾಗ ಬದಲಾಯಿಸ್ಲಾ?" ಎಂದು ಕೇಳಿದ ಅವನು.

"ಬೇಡ, ಹಾಗೇ ಇರಲಿ. ತಪ್ಪಾದ್ರೆ ಅನ್ನ ಹಾಕೋ ಕಡೆಗೇ ತಪ್ಪಾಗಲಿ," ಎಂದರು ಅಕ್ಕ. ಎಲ್ಲರಿಗೂ ಅದು ಒಳ್ಳೆಯ ಮಾತಾಗಿ ಕಂಡಿತು. ನನಗೂ.

ಗೌರಿ ಗಣೇಶ ಮುಗಿಯಿತು. ಪಿತೃಪಕ್ಷದಲ್ಲಿ ಬೀದಿಯೆಲ್ಲ ವಡೆ ಕರಿಯುವ ವಾಸನೆ ಇದ್ದ ಒಂದು ಮಧ್ಯಾಹ್ನ ಇವರಿಗೆ ಉಸಿರು ಸಿಗಲಿಲ್ಲ. ತುಟಿ ನೇರಳೆಯಾಯಿತು. ಅಕ್ಕನಿಗೆ ಫೋನು ಮಾಡಿ, ಎದುರು ಮನೆಯವರ ಕಾರಿನಲ್ಲಿ ಹಾಕಿಕೊಂಡು ಬಸವನಗುಡಿ ಕಡೆಯ ಆಸ್ಪತ್ರೆಗೆ ಓಡಿದೆ. ಗಡಿಬಿಡಿಯಲ್ಲಿ ಟ್ಯಾಬು ಮಂಚದ ಮೇಲೇ ಉಳಿಯಿತು.

ಡಾಕ್ಟರಮ್ಮ ಚಿಕ್ಕವರು. ನಿಧಾನವಾಗಿ, ಬಿಡಿಸಿ ಹೇಳಿದರು. ಉಸಿರಾಟದ ಶಕ್ತಿ ಹೋಗಿದೆ. ಗಂಟಲಿನಲ್ಲಿ ತೂತು ಮಾಡಿ ಕೊಳವೆ ಹಾಕಿ, ಯಂತ್ರ ಜೋಡಿಸಿದರೆ ಜೀವ ಇರುತ್ತದೆ. ಆದರೆ ಕಾಯಿಲೆ ನಿಲ್ಲುವುದಿಲ್ಲ. ಇರುವ ಬೆರಳೂ ಹೋಗುತ್ತದೆ, ಕಣ್ಣೂ ಒಂದು ದಿನ ಹೋಗಬಹುದು, ಒಳಗೆ ಅವರಿಗೆಲ್ಲ ತಿಳಿಯುತ್ತಿರುತ್ತದೆ. ಕೊಳವೆ ಬೇಡವೆಂದರೆ ನೋವಾಗದಂತೆ ನೋಡಿಕೊಳ್ಳುತ್ತೇವೆ, ಹೆಚ್ಚು ದಿನ ಇರುವುದಿಲ್ಲ. "ಅವರಿಗೆ ಇನ್ನೂ ಎಚ್ಚರ ಇದೆ. ಅವರನ್ನೇ ಕೇಳೋಣ. ಅವರಿಗೆ ಉತ್ತರ ಹೇಳೋಕೆ ಏನಾದ್ರೂ ದಾರಿ ಇದ್ಯಾ?"

ಚೇತನ ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ನನ್ನದು ಗುಂಡಿಯ ಫೋನು. ಅಷ್ಟರಲ್ಲಿ ಬಂದು ಸೇರಿದ್ದ ಅಕ್ಕನದು ಹಳೆಯದಾದರೂ ಪರದೆಯ ಫೋನು, ಅಂಚು ಒಡೆದದ್ದು. ಚೇತನ ಅದಕ್ಕೆ ಪುಟ ಕಳಿಸಿದ. "ಒತ್ತಿದ್ರೆ ತೆರ್ಕೊಳುತ್ತಮ್ಮ, ಎಲ್ಲಾ ಫೋನಲ್ಲೂ ಬರುತ್ತೆ," ಎಂದು ಫೋನಿನಲ್ಲೇ ಹೇಳಿದ. ತೆರೆದುಕೊಂಡಿತು.

ಮೂಗಿಗೆ ಬಾಯಿಗೆ ಮಾಸ್ಕು ಹಾಕಿದ್ದರು. ಡಾಕ್ಟರಮ್ಮ ಬಗ್ಗಿ ಕೊಳವೆಯ ವಿಷಯ ಮತ್ತೊಮ್ಮೆ ಹೇಳಿ, ಬೇಕೋ ಬೇಡವೋ ಎಂದು ಕೇಳಿದರು. ಅಕ್ಕ ಫೋನನ್ನು ಇವರ ಬೆರಳಿನ ಕೆಳಗೆ ಹಿಡಿದರು. ನಾನು ಕಾಲಿನ ಕಡೆ ನಿಂತಿದ್ದೆ. ನನಗೆ ಫೋನಿನ ಬೆನ್ನಷ್ಟೇ ಕಾಣುತ್ತಿತ್ತು. ಬೆರಳು ಸರಿಯಿತು, ನಿಂತಿತು, ನಡುಗುತ್ತ ಮೇಲೆದ್ದಿತು. ಹುಡುಗಿಯ ದನಿ ಹೇಳಿತು:

"ಬೇಕು."

ಅಕ್ಕ ಗೊಳೋ ಎಂದು ಅತ್ತರು. ಫೋನನ್ನು ಎದೆಗೆ ಅವುಚಿಕೊಂಡು, "ಬೇಕು ಅಂದ, ನನ್ನ ಸೀನ ಬೇಕು ಅಂದ!" ಎಂದರು. ಇವರ ಕಣ್ಣು ದೊಡ್ಡದಾಯಿತು. ಬೆರಳು ಹಾಸಿಗೆಯ ಮೇಲೆ ಏನನ್ನೋ ಹುಡುಕುತ್ತಿತ್ತು. ಭಯ ಇರಬೇಕು ಎಂದುಕೊಂಡು ನಾನು ಆ ಬೆರಳನ್ನು ನನ್ನ ಕೈಯಲ್ಲಿ ಬಿಗಿಯಾಗಿ ಹಿಡಿದೆ.

"ಖಾತ್ರಿಗೆ ಇನ್ನೊಂದು ಸಲ ಕೇಳೋಣ," ಎಂದರು ಡಾಕ್ಟರಮ್ಮ.

"ಎರಡು ಸಲ ಕೇಳೋದೇ ಆ ಪುಟದ ಕೆಲಸ ಡಾಕ್ಟ್ರೇ. ಅದಕ್ಕೇ ಮಾಡ್ಸಿದ್ದು ನಾನು," ಎಂದರು ಅಕ್ಕ. ಯಂತ್ರದ ಅಂಕಿ ಕೆಳಗಿಳಿಯುತ್ತಿತ್ತು. ನರ್ಸು ಓಡಿ ಬಂದರು. ನನ್ನ ಮುಂದೆ ಕಾಗದ ಹಿಡಿದರು. ಸಹಿ ಹಾಕಿದೆ. ಇವರಿಗೆ ಇನ್ನೂ ನನ್ನ ಜೊತೆ ಇರಬೇಕೆನ್ನಿಸಿದೆ ಎಂದು ಹೊಟ್ಟೆಯೊಳಗೆ ತಂಪಾಗಿತ್ತು. ಹೊರಗೆ ಬಂದು ಆಸ್ಪತ್ರೆಯ ಗಣಪತಿಗೆ ಕೈಮುಗಿದೆ.

ಕೆಲವು ದಿನ ಮಂಪರಿನಲ್ಲಿಟ್ಟರು. ಕಣ್ಣು ಬಿಟ್ಟಾಗ ಟ್ಯಾಬು ತಂದು ಹಿಡಿದೆ. ಬೆರಳು ಮೊದಲಿಗಿಂತ ಸೋತಿತ್ತು. ಬೇಡ ಮುಟ್ಟಿದರು. ನಿಜವಾಗ್ಲೂ ಬೇಡ್ವಾ ಎಂದು ಪರದೆಯಲ್ಲಿ ಬಂತು. ಬಹಳ ಹೊತ್ತು ತೆಗೆದುಕೊಂಡು ಎಡಕ್ಕೆ ಸರಿದು, ಹೂಂ, ಬೇಡ.

"ಏನು ಬೇಡ? ಫ್ಯಾನಾ?" ಎಂದೆ. ಫ್ಯಾನು ಆರಿಸಿದೆ. ಮತ್ತೆ ಬೇಡ. ಹೊದಿಕೆ ತೆಗೆದೆ. ಮತ್ತೆ ಬೇಡ. ಪಕ್ಕದ ಹಾಸಿಗೆಯವರ ಟಿವಿಯ ಸದ್ದು ಕಡಿಮೆ ಮಾಡಿಸಿದೆ, ದಿಂಬು ಬದಲಾಯಿಸಿದೆ, ಕಿಟಕಿಯ ಪರದೆ ಎಳೆದೆ. ದಿನಗಟ್ಟಲೆ ಹೀಗೆ. ಅಕ್ಕ ಬಂದರೆ, "ನನ್ನ ಮುಖ ಬೇಡ್ವೇನೋ?" ಎಂದು ನಗಿಸಲು ನೋಡುವರು. ಇವರು ಕಣ್ಣು ಮುಚ್ಚಿಕೊಳ್ಳುವರು. ದಸರೆಯ ಗೊಂಬೆ ಪ್ರಸಾದ ತಂದ ನೆಂಟರು, "ಎಷ್ಟು ಮಾಡಿದ್ರೂ ಈ ಮನುಷ್ಯಂಗೆ ಸಮಾಧಾನ ಇಲ್ಲ ನೋಡಿ," ಎಂದು ಇವರ ಮುಂದೆಯೇ ಹೇಳಿ ಹೋದರು. ಕಿವಿ ಚೆನ್ನಾಗಿತ್ತು ಇವರದು.

ಒಂದು ಬೆಳಿಗ್ಗೆ ಇವರು ಅಕ್ಷರಗಳ ಕಡೆ ಹೋದರು. ನಾನು ಬಟ್ಟೆ ಮಡಿಸಿ ಮುಗಿಸುವವರೆಗೂ ಕೂಡಿಸಿದರು. ಹುಡುಗಿ ಹೇಳಿದಳು: "ಅವತ್ತೇ ಬೇಡ ಅಂದೆ."

ಮಡಿಸಿದ ಬಟ್ಟೆ ನನ್ನ ತೊಡೆಯ ಮೇಲೇ ಇತ್ತು. ನಾನು ಇವರ ಗಂಟಲನ್ನು ನೋಡಿದೆ. ಕೊಳವೆ ಏರಿಳಿಯುತ್ತಿತ್ತು. "ಇದಾ?" ಎಂದು ಬೆರಳಿಟ್ಟು ಕೇಳಿದೆ. ಇವರು ಕಣ್ಣು ಮುಚ್ಚಿ ತೆರೆದರು.

ಸಂಜೆ ಚೇತನ ಬಂದಾಗ ಹೇಳಿದೆ. ಅವನು ತಾಯಿಯ ಫೋನು ಈಸಿಕೊಂಡು ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕೂತು ಪುಟ ತೆರೆದ. ಬೇಡದ ಮೇಲೆ ಬೆರಳಿಟ್ಟ, ಮಾವನ ಹಾಗೆ ನಿಧಾನವಾಗಿ ಎತ್ತಿದ. "ಬೇಕು" ಎಂದಿತು. ಮತ್ತೆ ಮಾಡಿದ. "ಬೇಕು." ಆಸ್ಪತ್ರೆಯ ಕಾರಿಡಾರಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ಸಲ ಅದು ಬೇಕು ಬೇಕು ಎಂದಿತು.

ನನಗೆ ಅರ್ಥವಾಗುವ ಹಾಗೆ ವಿವರಿಸಿದ. ಮುಟ್ಟುವ ಪರದೆ ಬರುವ ಮುಂಚೆ ಪುಟಗಳನ್ನೆಲ್ಲ ಮೌಸಿಗಾಗಿ ಮಾಡುತ್ತಿದ್ದರಂತೆ. ಅಂಥ ಪುಟಗಳೂ ನಡೆಯಲಿ ಎಂದು, ಬೆರಳು ಎತ್ತಿದ ಮೇಲೆ ಬ್ರೌಸರು ಅದೇ ಜಾಗದಲ್ಲಿ ಮೌಸು ಒತ್ತಿದ ಹಾಗೆ ಇನ್ನೊಂದು ಸುಳ್ಳು ಒತ್ತು ಕಳಿಸುತ್ತದಂತೆ. ಅದು ಬೇಡ ಎಂದು ಇವನು ಪುಟದಲ್ಲಿ ಬರೆದಿದ್ದ. ಟ್ಯಾಬು ಕೇಳಿತ್ತು, ಇವನ ಫೋನು ಕೇಳಿತ್ತು. ಅಕ್ಕನ ಫೋನಿನ ಹಳೆಯ ಬ್ರೌಸರು ಕೇಳಲಿಲ್ಲ. ಬೆರಳು ಇಟ್ಟಾಗ ಬೇಡ ಎಂದು ಪರದೆ ಬದಲಾಗಿದೆ. ಎತ್ತಿದಾಗ ಸುಳ್ಳು ಒತ್ತು ಅದೇ ಜಾಗಕ್ಕೆ ಬಿದ್ದಿದೆ. ಅಲ್ಲಿ ಇದ್ದದ್ದು 'ಸರಿ, ಬೇಕು.'

"ಅದೊಂದು ಫೋನಲ್ಲಿ ನೋಡ್ಲಿಲ್ಲ ಅತ್ತೆ. ಅಮ್ಮನ ಫೋನಲ್ಲಿ ಮಾವ ಯಾಕೆ ಮಾತಾಡ್ತಾರೆ ಅಂದ್ಕೊಂಡೆ." ಅವನ ಮುಖ ಚಿಕ್ಕ ಮಕ್ಕಳದ್ದಾಗಿತ್ತು. "ಅಮ್ಮಂಗೆ ಹೇಳ್ಬೇಡಿ. ಸತ್ತೋಗ್ತಾಳೆ."

ನಾನು ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ಹಾಕೋಕೆ ನಿಮ್ಮ ಒಂದು ಸಹಿ ಸಾಕಾಯ್ತಮ್ಮ. ತೆಗೆಯೋದು ಹಾಗಲ್ಲ. ಸಮಿತಿ ಕೂರಬೇಕು, ಕಾನೂನು ನೋಡಬೇಕು. ಅದಕ್ಕೂ ಮುಂಚೆ ಮನೆಯವರೆಲ್ಲ ಒಂದೇ ಮಾತಿಗೆ ಬನ್ನಿ," ಎಂದರು. ಮನೆಯವರೆಂದರೆ ನಾನು, ಚೇತನ, ಅಕ್ಕ.

ಹೇಳುವ ಕೆಲಸವನ್ನು ಇವರೇ ಮಾಡಿದರು. ದೀಪಾವಳಿಯ ಎಣ್ಣೆನೀರು ಮುಗಿಸಿ ಒದ್ದೆ ಕೂದಲಿನಲ್ಲೇ ಅಕ್ಕ ಆಸ್ಪತ್ರೆಗೆ ಬಂದಿದ್ದರು. ಟ್ಯಾಬಿನಲ್ಲಿ ಚೇತನ ಎರಡನೇ ಪ್ರಶ್ನೆಯನ್ನೇ ಕಿತ್ತು ಹಾಕಿದ್ದ. ಇನ್ನು ಬೇಡ ಎಂದರೆ ಬೇಡ, ಅಷ್ಟೇ. ಇವರು ಒಂದೊಂದೇ ಅಕ್ಷರ ಕೂಡಿಸಿದರು. ಬೆರಳು ಜಾರಿದರೆ ನಾನು ಮಣಿಕಟ್ಟು ಹಿಡಿದೆ. ಅಕ್ಕ ಕನ್ನಡಕ ಹಾಕಿಕೊಂಡು ಓದಿದರು, ದನಿಯೂ ಹೇಳಿತು.

"ಅಕ್ಕ ನನಗೆ ಕೊಳವೆ ಬೇಡ. ಬಿಟ್ಟುಬಿಡು."

ಚೇತನ ಗೋಡೆಯ ಕಡೆ ತಿರುಗಿದ. ಅಕ್ಕ ಮತ್ತೊಮ್ಮೆ ಓದಿದರು. ತಮ್ಮನ ಹಣೆ ಸವರಿದರು. ನನ್ನ ಕಡೆ ತಿರುಗಿ, ಎಷ್ಟು ಪ್ರೀತಿಯಿಂದ ಎಂದರೆ ಆ ದನಿ ಇಂದಿಗೂ ನನ್ನ ಕಿವಿಯಲ್ಲಿದೆ, ಹೇಳಿದರು:

"ಸಂಕೋಚ ಕಣೇ ಪದ್ಮ ಇವನಿಗೆ. ನಮಗೆ ಕಷ್ಟ ಆಗುತ್ತಲ್ಲಾ ಅಂತ. ಮೊದಲಿಂದ್ಲೂ ಹೀಗೇ."

"ಅಲ್ಲ ಅಕ್ಕಾ, ನಿಜವಾಗ್ಲೂ—"

"ನಾನು ಎತ್ತಿ ಆಡಿಸಿದ್ದು ಇವನನ್ನ. ನಂಗೆ ಹೇಳ್ಕೊಡ್ತೀಯಾ? ಆವತ್ತು ಬಾಯ್ತುಂಬ ಬೇಕು ಅಂದಿಲ್ವಾ?"

ಇವರು ಬೇಡ ಮುಟ್ಟಿದರು. ದನಿ "ಬೇಡ" ಎಂದಿತು. ಮತ್ತೆ ಮುಟ್ಟಿದರು. "ಬೇಡ." ಪುಟ ಈಗ ಒಂದು ತಪ್ಪೂ ಮಾಡುತ್ತಿರಲಿಲ್ಲ. ಅಕ್ಕ ಟ್ಯಾಬನ್ನು ಇವರ ಕೈಯ ಕೆಳಗಿನಿಂದ ಮೆಲ್ಲಗೆ ಎಳೆದು, "ಸಾಕು, ದಣಿವಾಗುತ್ತೆ, ಮಲಗು," ಎಂದು ಮೇಜಿನ ಮೇಲೆ ಬೋರಲು ಹಾಕಿದರು.

ಫೋನಿನ ಸುಳ್ಳನ್ನು ಆಗ ಚೇತನನೇ ಬಾಯಿಬಿಟ್ಟು ಹೇಳಿದ. ಅಕ್ಕ ಕೇಳಿಸಿಕೊಂಡರು. "ಆ ದೇವರೇ ಹಾಗೆ ಹೇಳ್ಸಿದಾನೆ ಅಂದ್ಕೊ," ಎಂದರು. ಸಾಯಲಿಲ್ಲ ಅವರು.

ಆಮೇಲೆ ಬೆರಳೂ ಹೋಯಿತು. ಕಣ್ಣು ಮಾತ್ರ ಉಳಿಯಿತು. ಆ ಕಣ್ಣು ನನ್ನನ್ನು ಹಿಂಬಾಲಿಸುವುದು, ಬಾಗಿಲವರೆಗೆ, ಕಿಟಕಿಯವರೆಗೆ. ಕಫ ತೆಗೆಯಲು ನರ್ಸು ಕೊಳವೆಯೊಳಗೆ ನಳಿಗೆ ಬಿಟ್ಟಾಗ ಮೈಯೆಲ್ಲ ಅದುರುವುದು, ಕಣ್ಣು ನನ್ನ ಮೇಲೇ ನೆಟ್ಟಿರುವುದು. ಅಕ್ಕ ಕೊಳವೆಗೆ ಕುಂಕುಮ ಹಚ್ಚಿದರು. ಕಡಲೆಕಾಯಿ ಪರಿಷೆಯ ವಾರ ಬಂತು. ಬಂದು ಹೋಗುವವರ ಚಪ್ಪಲಿಗೆ ಅಂಟಿದ ಸಿಪ್ಪೆ ವಾರ್ಡಿನವರೆಗೂ ಬರುತ್ತಿತ್ತು. ನಾನು ಅದನ್ನು ಗುಡಿಸುತ್ತಿದ್ದಾಗ ಶ್ವಾಸಕೋಶಕ್ಕೆ ಹತ್ತಿದ ಸೋಂಕಿನಿಂದ ಇವರು ಹೋದರು.

ಮೊನ್ನೆ ವರ್ಷದ ತಿಥಿ. ತ್ಯಾಗರಾಜನಗರದಲ್ಲಿ ಅಕ್ಕನ ಮನೆಯಲ್ಲೇ ಮಾಡಿದೆವು. ಬ್ರಾಹ್ಮಣರ ಊಟವಾಗಿ, ಮನೆಯವರು ಕೂತೆವು. ನನ್ನ ಪಕ್ಕ ಚೇತನ. ಅಕ್ಕ ಸೊಂಟ ಕಟ್ಟಿಕೊಂಡು ತಾವೇ ಬಡಿಸುತ್ತಿದ್ದರು. ಎಂಬತ್ತರ ಹತ್ತಿರದ ಜೀವ, ಪಾಯಸದ ಪಾತ್ರೆ ಹಿಡಿದ ಕೈ ಒಂಚೂರೂ ನಡುಗುತ್ತಿರಲಿಲ್ಲ. ಸಾಲಿನ ಆ ತುದಿಯಲ್ಲಿ ಯಾರಿಗೋ ಹೇಳುತ್ತಿದ್ದರು: "ಕೊನೇಲಿ ಅವನೇ ಬೆರಳಿಟ್ಟು ಬೇಕು ಅಂದ. ಅಷ್ಟು ಆಸೆ ಇತ್ತು ಬದುಕೋಕೆ, ಪಾಪ."

ನನ್ನ ಎಲೆಯ ಮುಂದೆ ಬಂದರು. ಪಾಯಸದಿಂದ ಹಬೆ ಏಳುತ್ತಿತ್ತು.

"ಬೇಡ ಅಕ್ಕ," ಎಂದೆ.

"ಸ್ವಲ್ಪ."

"ಬೇಡ." ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟೆ, ಬೆರಳಿಗೆ ಬೆರಳು ಸೇರಿಸಿ, ಸಂದಿಯಿಲ್ಲದಂತೆ.

"ಅಮ್ಮಾ," ಎಂದ ಚೇತನ. "ಅತ್ತೆ ಬೇಡ ಅಂದ್ರು."

"ಕೇಳಿಸ್ತು ಕಣೋ. ಸಂಕೋಚ ಅವಳಿಗೆ," ಎಂದು ಅಕ್ಕ ಸೌಟು ಬಗ್ಗಿಸಿದರು.

ಪಾಯಸ ನನ್ನ ಕೈಯ ಮೇಲೆ ಬಿದ್ದಿತು. ಮಣಿಕಟ್ಟಿನವರೆಗೂ ಸುಟ್ಟಿತು. ಕೈ ತೆಗೆಯುತ್ತೇನೆಂದು ಅಕ್ಕ ಸೌಟನ್ನು ಹಾಗೇ ಹಿಡಿದು ಕಾದರು.

ನಾನು ತೆಗೆಯಲಿಲ್ಲ.